ಊದಲು ಬಾರದವಳು

ನೇಕಾರರ ಕೈಗೆ ಒಂದು ಕೊಳವೆ ಕೊಟ್ಟು ‘ಊದಿ’ ಎಂದರೆ ಅವರು ಊದುವುದಿಲ್ಲ, ಎಳೆಯುತ್ತಾರೆ. ಇದನ್ನು ನಾನು ಬನಹಟ್ಟಿಯ ನಮ್ಮ ಓಣಿಯಲ್ಲೇ ಕಣ್ಣಾರೆ ಕಂಡಿದ್ದೇನೆ. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವಳೂ ನಾನೇ. ಈಗ ಆ ನಗೆ ನೆನಪಾದರೆ ಮೈಯೆಲ್ಲ ಉರಿಯುತ್ತದೆ.

ಎಳೆಯುವುದು ನಮ್ಮ ಬಾಯಿಗೆ ಬಿದ್ದ ರೂಢಿ. ಮನೆಯ ಹಿಂದಿನ ಶೆಡ್ಡಿನಲ್ಲಿ ನಮ್ಮ ಪಾವರ್‌ಲೂಮ್ ಮಗ್ಗಗಳಿವೆ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ನೂಲು ಮುಗಿದಾಗ, ನೂಲು ಸುತ್ತಿದ ಹೊಸ ಕಂಡಿಕೆ ಇಟ್ಟು, ನೂಲಿನ ತುದಿಯನ್ನು ಲಾಳಿಯ ಪಕ್ಕದಲ್ಲಿರುವ ಸಣ್ಣ ತೂತಿನಿಂದ ಹೊರಗೆ ತರಬೇಕು. ಕೈಯಿಂದ ಪೋಣಿಸುತ್ತ ಕೂತರೆ ಮಗ್ಗ ಸುಮ್ಮನೆ ನಿಂತಿರುತ್ತದೆ. ಆ ತೂತಿಗೆ ಬಾಯಿ ಹಚ್ಚಿ ಒಂದು ಸಲ ಉಸಿರು ಎಳೆದರೆ ಸಾಕು, ನೂಲು ಬಂದು ತುಟಿಗೆ ಅಂಟುತ್ತದೆ. ಮಗ್ಗದ ಮುಂದೆ ಯಾರು ನಿಂತರೋ ಅವರು ಎಳೆಯುವುದು, ಅವರು ಊಟಕ್ಕೆ ಎದ್ದರೆ ಇನ್ನೊಬ್ಬರು ಅದೇ ಲಾಳಿಗೆ ಬಾಯಿ ಹಚ್ಚುವುದು. ಎಂಜಲು ಗಿಂಜಲು ಎಂದು ಮುಖ ಸಿಂಡರಿಸಿದವಳು ನೇಕಾರರ ಮನೆಯಲ್ಲಿ ಬಾಳುವೆ ಮಾಡುವುದುಂಟೇ?

ನಾನು ಮುಧೋಳದವಳು. ನಮ್ಮಪ್ಪನದು ಸಂಬಳದ ನೌಕರಿ, ನಮ್ಮ ಮನೆಯಲ್ಲಿ ಮಗ್ಗ ಕಂಡವರಿರಲಿಲ್ಲ. ಮದುವೆಯಾಗಿ ಬನಹಟ್ಟಿಗೆ ಬಂದಾಗ ಶೆಡ್ಡಿನ ಸದ್ದಿಗೇ ತಲೆಸುತ್ತು ಬಂದಿತ್ತು. ಕೈ ಹಿಡಿದು ಮಗ್ಗದ ಮುಂದೆ ನಿಲ್ಲಿಸಿದವಳು ನನ್ನ ಗಂಡನ ಅಣ್ಣನ ಹೆಂಡತಿ. ಅವಳು ಜಮಖಂಡಿಯವಳು. ನಾನು ಅಕ್ಕಾ ಎನ್ನುತ್ತಿದ್ದೆ, ಅವಳು ನನ್ನನ್ನು ತಂಗಿ ಎನ್ನುತ್ತಿದ್ದಳು. ಹೆಸರಿಗೆ ನೆಗೆಣ್ಣಿಯರು, ಆದರೆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ನಾನು ಮೊದಲ ಸಲ ಲಾಳಿಗೆ ಬಾಯಿ ಹಚ್ಚಿದಾಗ ನೂಲಿನ ಧೂಳು ಗಂಟಲಿಗೆ ಹೋಗಿ ಕಣ್ಣಲ್ಲಿ ನೀರು ಬಂತು. ಅವಳು ಬೆನ್ನು ಸವರಿ, "ಹುಚ್ಚಿ, ಅಷ್ಟ ಜೋರಾಗಿ ಎಳೀಬಾರದು. ಕೂಸಿಗೆ ಮುತ್ತು ಕೊಟ್ಟಂಗ ಎಳೀಬೇಕು" ಅಂದಿದ್ದಳು.

ಅವಳಿಗೆ ಮಕ್ಕಳಾಗಲಿಲ್ಲ. ನನಗೊಬ್ಬಳು ಮಗಳು. ಮಗಳು ಹಾಲು ಬಿಟ್ಟಾಗಿನಿಂದ ಮಲಗಿದ್ದು ದೊಡ್ಡವ್ವನ ಮಗ್ಗುಲಲ್ಲಿ. ನನಗೇನೂ ಹೊಟ್ಟೆಕಿಚ್ಚು ಇರಲಿಲ್ಲ, ಸುಳ್ಳು ಯಾಕೆ ಹೇಳಲಿ, ನೆಮ್ಮದಿಯೇ ಇತ್ತು.

ಆದರೆ ಒಂದು ಅಂಜಿಕೆ ಮಾತ್ರ ನನ್ನನ್ನು ಬಿಟ್ಟಿರಲಿಲ್ಲ. ಮಗಳು ಕೂಸಿದ್ದಾಗ ನ್ಯುಮೋನಿಯಾ ಆಗಿ, ಉಳಿಯುತ್ತಾಳೋ ಇಲ್ಲವೋ ಎನ್ನುವಂತಾಗಿತ್ತು. ದವಾಖಾನೆಯಿಂದ ಬಿಡುವಾಗ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು: "ಈ ಕೂಸಿನ ಎದಿ ಭಾಳ ನಾಜೂಕ ಐತಿ. ಕೆಮ್ಮೋ ಮಂದಿ ಹತ್ರ ಬಿಡಬ್ಯಾಡ್ರಿ." ನನಗಿಂತ ಹೆಚ್ಚು ಆ ಮಾತನ್ನು ಹಿಡಿದವಳು ಅಕ್ಕ. ಮನೆಗೆ ಬಂದವರು ಒಂದು ಸಲ ಕೆಮ್ಮಿದರೆ ಸಾಕು, "ಹೊರಗ ಕಟ್ಟಿ ಮ್ಯಾಲ ಕುಂದರ್ರಿ, ಚಾ ಅಲ್ಲೇ ತರ್ತೇನಿ" ಎಂದು ಮುಖ ಮೋರೆ ನೋಡದೆ ಹೇಳಿಬಿಡುತ್ತಿದ್ದಳು. ಅವಳ ತಮ್ಮನನ್ನೂ ಹಾಗೆ ಹೊರಗೆ ಕೂರಿಸಿದ್ದಳು. ಅವನು ಸಿಟ್ಟಾಗಿ ಚಹಾ ಕುಡಿಯದೆ ಬಸ್ಸು ಹತ್ತಿದ್ದ.

ಅಂಥವಳಿಗೇ ಕೆಮ್ಮು ಹತ್ತಿತು. ಮೊದಮೊದಲು ನಾನೂ ಲಕ್ಷ್ಯ ಕೊಡಲಿಲ್ಲ. ನೂಲಿನ ಧೂಳಿನಲ್ಲಿ ನಮ್ಮ ಓಣಿಯಲ್ಲಿ ಕೆಮ್ಮದವರು ಯಾರು? ಆದರೆ ಇದು ಹೋಗಲೊಲ್ಲದು. ಸೆರಗು ಬಾಯಿಗಿಟ್ಟುಕೊಂಡು, ಮಗ್ಗದ ಸದ್ದಿನಲ್ಲಿ ಮುಚ್ಚಿ ಕೆಮ್ಮುತ್ತಿದ್ದಳು. ಕುಪ್ಪಸ ಹೆಗಲಿನಲ್ಲಿ ಸಡಿಲಾಗಿತ್ತು. ಮಗಳು ಮಾತ್ರ ಎಂದಿನಂತೆ ಅವಳ ಕೊರಳಿಗೆ ಕೈ ಹಾಕಿ ಮಲಗುತ್ತಿದ್ದಳು. ಹೇಳಬೇಕು ಅಂದುಕೊಂಡು ಎಷ್ಟೋ ಸಲ ಬಾಯಿ ಕಟ್ಟಿತು. ನನ್ನ ಬಾಣಂತನ ಮಾಡಿದವಳಿಗೆ ‘ನೀ ದೂರ ಮಲಗು’ ಎಂದು ಯಾವ ಬಾಯಿಂದ ಹೇಳುವುದು?

ಅದೇ ಹೊತ್ತಿಗೆ ಓಣಿಗೆ ಉಸಿರು ತಪಾಸಣೆಯ ವ್ಯಾನ್ ಬಂತು. ಶೆಡ್ಡುಗಳಲ್ಲಿ ದುಡಿಯುವವರ ಪುಪ್ಪುಸ ನೋಡುತ್ತಾರಂತೆ, ರಕ್ತ ತೆಗೆಯುವುದಿಲ್ಲ, ಸೂಜಿ ಇಲ್ಲ, ಬರೀ ಒಂದು ಚೀಲದಲ್ಲಿ ಊದಿ ಕೊಡುವುದಂತೆ ಎಂದು ಸುದ್ದಿಯಾಯಿತು. ದೇವರೇ ಕಳಿಸಿದ ಹಾಗಾಯಿತು ನನಗೆ. ಧೈರ್ಯ ಮಾಡಿ ಹೇಳಿದೆ.

"ಅಕ್ಕಾ, ಇಬ್ಬರೂ ಊದಿ ಬರೂಣು. ಅಲ್ಲೀತನಕ ಕೂಸು ನನ್ನ ಕಡೆ ಮಲಗಲಿ. ಸಿಟ್ಟಾಗಬ್ಯಾಡ."

ಅವಳು ಲಾಳಿ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. ಆಮೇಲೆ, "ಸಿಟ್ಟ್ಯಾಕವಾ? ನೀ ಹೇಳೂದು ಖರೆ ಐತಿ. ಹೋಗೂಣು" ಅಂದಳು. ಎಂಥ ದೊಡ್ಡ ಮನಸ್ಸು ಅಂದುಕೊಂಡೆ ನಾನು. ಕಣ್ಣು ಕೂಡ ತುಂಬಿ ಬಂದಿತ್ತು, ಏನು ಹೇಳಲಿ ನನ್ನ ಹುಚ್ಚಿಗೆ!

ಕರೆಂಟ್ ತೆಗೆದ ಹೊತ್ತಿಗೆ ಎಲ್ಲ ಶೆಡ್ಡಿನವರೂ ವ್ಯಾನಿನ ಮುಂದೆ ಸೇರಿದರು. ತಪಾಸಣೆ ಮಾಡುವ ಹುಡುಗಿ ಬೆಳಗಾವಿ ಕಡೆಯವಳು, ಮಾತು ಬಲ್ಲವಳು. ಬಾಯಿ ಮುಕ್ಕಳಿಸಿ ಬನ್ನಿ, ಎಲೆ ಅಡಿಕೆ ತಿಂದವರು ಉಗುಳಿ ಬನ್ನಿ ಎಂದು ಎಲ್ಲರನ್ನೂ ಸಾಲು ಹಚ್ಚಿಸಿದಳು. "ಎದಿಯಾಗ ರೋಗ ಇದ್ದವರ ಉಸಿರಿನ್ಯಾಗ ಬ್ಯಾರೆ ವಾಸನಿ ಇರ್ತಾವ್ರಿ. ನಮ್ಮ ಮೂಗಿಗೆ ಸಿಗೂದಿಲ್ಲ, ಈ ಮಷೀನಿಗೆ ಸಿಗತಾವು. ಛಲೋ ಇದ್ರ ಹಸಿರು ಲೈಟ್, ಸಂಶಯ ಇದ್ರ ಕೆಂಪು. ಕೆಂಪು ಬಂದ್ರ ಅಂಜಬ್ಯಾಡ್ರಿ, ಕಫ ಕೊಟ್ಟು ಪಕ್ಕಾ ಮಾಡ್ಕೋಬೇಕು" ಅಂದಳು.

"ಮೂಸೂದಕ್ಕ ಇಷ್ಟ ದೊಡ್ಡ ಮಷೀನ್ ಯಾಕ್ರೀ? ತಿಮ್ಮಾಪುರದ ನಾಯಿ ಸಾಕೂ ಕೇಂದ್ರದಿಂದ ಒಂದು ಮುಧೋಳ ನಾಯಿ ತಂದಿದ್ರ ಜಲ್ದಿ ಮೂಸಿ ಹೇಳತಿತ್ತು" ಎಂದ ಪಕ್ಕದ ಶೆಡ್ಡಿನವನೊಬ್ಬ.

"ನಿನ್ನ ಬಾಯಿ ವಾಸನಿಗೆ ಅದು ತಿರುಗಿ ತಿಮ್ಮಾಪುರಕ್ಕ ಓಡತಿತ್ತಲೇ!" ಎಂದಳು ಅವನ ಹೆಂಡತಿ.

ಆಮೇಲೆ ಶುರುವಾಯಿತು ನೋಡಿ ತಮಾಷೆ. ಮೊದಲನೆಯವನ ಬಾಯಿಗೆ ಕೊಳವೆ ಕೊಟ್ಟು ಊದಿ ಅಂದರೆ, ಅವನು ರೂಢಿಯಂತೆ ಸುರ್ ಎಂದು ಎಳೆದ. ಚೀಲ ಉಬ್ಬುವ ಬದಲು ಇದ್ದ ಗಾಳಿಯೂ ಹೋಗಿ ಅಪ್ಪಚ್ಚಿಯಾಯಿತು. ಎರಡನೆಯವನೂ ಹಾಗೆಯೇ. ಹುಡುಗಿ ತಲೆಗೆ ಕೈ ಹಚ್ಚಿಕೊಂಡು, "ಯಪ್ಪಾ, ಇದು ಲಾಳಿ ಅಲ್ರೀ!" ಎಂದು ಕೂಗಿದಳು. ನಾನು ನನ್ನ ಚೀಲವನ್ನು ಒಂದೇ ಉಸಿರಿಗೆ ತುಂಬಿಸಿದೆ. ಎಷ್ಟಾದರೂ ಮುಧೋಳದವಳು, ನನ್ನ ಬಾಯಿ ಇನ್ನೂ ಪೂರ್ತಿ ನೇಕಾರರದಾಗಿರಲಿಲ್ಲ.

ಅಕ್ಕನ ಸರದಿ ಬಂತು. ಎಳೆದಳು. ಮತ್ತೆ ಕೊಟ್ಟರೆ ಮತ್ತೆ ಎಳೆದು, ಕೆಮ್ಮಿ, ಬೆವೆತಳು. ಹುಡುಗಿ, "ಅಲ್ಲಿ ಬಾಜು ನಿಂತು ರೂಢಿ ಮಾಡ್ಕೊರಿ, ಅವಸರ ಇಲ್ಲ" ಎಂದು ಮುಂದಿನವರನ್ನು ಕರೆದಳು. ಅಕ್ಕ ಚೀಲ ಹಿಡಿದು ನನ್ನ ಹತ್ತಿರ ಬಂದಳು.

"ಇದು ನನ್ನ ಕೈಲಿ ಆಗೂದಿಲ್ಲವಾ ತಂಗಿ. ಬಾಯಿಗೆ ಹಚ್ಚಿದ ಕೂಡಲೇ ಎಳೀತೇನಿ. ಹೆಂಗ ಊದೂದು ತೋರಿಸು."

"ಅಯ್ಯ, ಇದರಾಗೇನೈತಿ ಬೇ, ಹಿಂಗ" ಎಂದು ಅವಳ ಕೈಯಿಂದ ಚೀಲ ತೆಗೆದುಕೊಂಡು, ಅದೇ ಕೊಳವೆಗೆ ಬಾಯಿ ಹಚ್ಚಿ ನಾನು ಊದಿದೆ. ಒಂದೇ ಲಾಳಿಗೆ ಬಾಯಿ ಹಚ್ಚಿದವರು, ನಮಗೇನು ಹೇಸಿಕೆ. ಚೀಲ ಟಮ್ ಎಂದು ಉಬ್ಬಿತು. "ಈಗ ಇದನ್ನ ಖಾಲಿ ಮಾಡಿ ನೀ ಊದು" ಎಂದು, ಕೊಳವೆಯ ಬಾಯಿ ಬೆರಳಿನಿಂದ ಮುಚ್ಚಿ ಹಿಡಿದಿದ್ದ ಚೀಲವನ್ನು ಅವಳ ಕೈಗೆ ಕೊಟ್ಟೆ. ಅಷ್ಟರಲ್ಲಿ ಹುಡುಗಿ ನನ್ನ ಚೀಲದ ಸರದಿ ಬಂತೆಂದು ಕರೆದಳು. ನಾನು ಹೋದೆ. ನನ್ನದು ಹಸಿರು ಬಂತು. ತಿರುಗಿ ಬರುವಷ್ಟರಲ್ಲಿ ಅಕ್ಕ ಮುಖ ಒರೆಸಿಕೊಳ್ಳುತ್ತ ನಿಂತಿದ್ದಳು.

"ಊದಿದೆ. ಆತು. ಕೊಟ್ಟೆ ನೋಡು" ಅಂದಳು.

ಅವಳದೂ ಹಸಿರು ಬಂತು. ಹುಡುಗಿ ಅವಳ ಕೆಮ್ಮು ಕೇಳಿ, "ಹಸಿರು ಬಂದ್ರೂ ನೀವು ಒಮ್ಮೆ ಕಫ ಕೊಡ್ರಿ. ಮಷೀನೂ ತಪ್ಪತೈತಿ" ಎಂದಳು. ಅಕ್ಕ, "ಅದು ನೂಲಿನ ಧೂಳಿನ ಕೆಮ್ಮವಾ" ಎಂದು ನಕ್ಕಳು. ನಾನೂ ಒತ್ತಾಯ ಮಾಡಲಿಲ್ಲ. ನನಗೆ ಬೇಕಾಗಿದ್ದು ಆ ಹಸಿರು ದೀಪ, ಅದು ಬಂದಿತ್ತು. ಆ ಸಂಜೆ ಮಗಳು ತನ್ನ ಹೊದಿಕೆ ಎತ್ತಿಕೊಂಡು ಓಡಿಹೋಗಿ ದೊಡ್ಡವ್ವನ ಹಾಸಿಗೆಯಲ್ಲಿ ಬಿದ್ದಳು. ಅಕ್ಕನ ಕ್ಷಮೆ ಕೇಳುವ ಹಾಗೆ ನಾನು ಸಿಹಿ ಸಜ್ಜಕ ಮಾಡಿ ಬಡಿಸಿದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಮಗಳಿಗೆ ಜ್ವರ ಬರತೊಡಗಿತು. ಸಂಜೆಗೆ ಬರುವುದು, ಬೆವೆತು ಬಿಡುವುದು. ಊಟ ಮುಂದಿಟ್ಟರೆ ಮುಖ ತಿರುಗಿಸುವಳು. ಸಾಲೆಯ ಲಂಗ ಸೊಂಟದಲ್ಲಿ ನಿಲ್ಲದೆ ಪಿನ್ನು ಹಾಕಿ ಕಳಿಸುತ್ತಿದ್ದೆ. ಊರಿನ ಡಾಕ್ಟರ ಔಷಧ ಆಯಿತು, ಮುಧೋಳಕ್ಕೆ ಒಯ್ದು ತೋರಿಸಿದ್ದಾಯಿತು. ಆಮೇಲೆ ಕೆಮ್ಮೂ ಹತ್ತಿತು. ಅಕ್ಕ ದೇವರ ಮುಂದೆ ದೀಪ ಹಚ್ಚಿ ಕೂತು ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡುತ್ತಿದ್ದವಳು ನಾನು!

ಕೊನೆಗೆ ಜಮಖಂಡಿಯ ದವಾಖಾನೆಗೆ ಹೋದೆವು, ನಾನು ಮತ್ತು ಮಗಳು. ಅಕ್ಕ ತಾನೂ ಬರುತ್ತೇನೆಂದು ಹೊರಟು, ಆಮೇಲೆ ಯಾಕೋ ತಲೆನೋವು ಎಂದು ಮಲಗಿದಳು. ಅಲ್ಲಿ ಡಾಕ್ಟರು, ಸಣ್ಣ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ, ಮೊದಲು ಉಸಿರು ನೋಡೋಣ, ಆಮೇಲೆ ಎದೆಯ ಎಕ್ಸ್‌ರೇ ಫೋಟೋ ಮತ್ತು ಉಳಿದ ಪರೀಕ್ಷೆ ಎಂದರು. ಒಳಗೆ ಹೋದರೆ ಅದೇ ಮಷೀನು, ಅದೇ ಬೆಳಗಾವಿ ಕಡೆಯ ಹುಡುಗಿ. ನಮ್ಮ ಓಣಿಗೆ ಬಂದಿದ್ದ ವ್ಯಾನ್ ಈ ದವಾಖಾನೆಯದೇ ಅಂತೆ.

"ಊದಾಕ ಬರತೈತೇನವ್ವಾ ಸಣ್ಣಾಕಿ? ನಿಮ್ಮೂರ ಮಂದಿ ಎಲ್ಲಾ ಎಳ್ಯಾವರ" ಎಂದು ಅವಳು ನಕ್ಕಳು.

"ನನಗ ಬರತೈತ್ರೀ" ಎಂದಳು ಮಗಳು. ಕೊಳವೆ ತೆಗೆದುಕೊಂಡು, ಮೂಗು ಹಿಡಿದು, ತುಟಿ ಬಿಗಿ ಮಾಡಿ, ನಿಧಾನವಾಗಿ, ನಡುವೆ ಬಿಡದೆ ಊದಿದಳು. ಅಷ್ಟು ಸಣ್ಣ ಎದೆಯಿಂದ ಚೀಲ ಪೂರ್ತಿ ತುಂಬಿತು.

"ಭಾರಿ ಊದಿದೆಲ್ಲ! ಯಾರು ಕಲಿಸ್ಯಾರ?"

"ನಮ್ಮ ದೊಡ್ಡವ್ವ."

ನನಗೆ ನಗೆ ಬಂತು. "ಹೋಗಾ, ನಿಮ್ಮ ದೊಡ್ಡವ್ವಗೇ ಊದಾಕ ಬರೂದಿಲ್ಲ. ನಿನಗೇನ್ ಕಲಸ್ತಾಳ?"

"ಬರತೈತಿ. ಇಲ್ಲೇ ಊದಿದ್ಲು, ಈ ಮಷೀನಿಗೆ. ಮೂಗ ಹಿಡಕೊಂಡು ಊದ್ಬೇಕಂತ ಆಗ ಇಲ್ಲಿದ್ದ ಬ್ಯಾರೆ ಅಕ್ಕಾರು ಹೇಳಿಕೊಟ್ರು."

"ಯಾವಾಗ?"

"ನಮ್ಮ ಓಣಿಗೆ ವ್ಯಾನ್ ಬರೂಕಿಂತ ಮೊದಲ. ನಾ ದೊಡ್ಡವ್ವನ ಕೂಡ ಆಕಿ ತವರಮನಿಗೆ ಬಂದಿದ್ನೆಲ್ಲ, ಆವಾಗ. ಕೆಂಪು ಲೈಟ್ ಬಂತು. ಮನ್ಯಾಗ ನಾವಿಬ್ಬರೂ ಚೀಲ ಊದಿ ಊದಿ ಒಡಸೋ ಆಟ ಆಡಿದ್ವಿ."

ನಾನು ಕುರ್ಚಿಯ ಮೇಲೆ ಕೂತೆ. ಓಣಿಯಲ್ಲಿ ಬೆವೆತು, ಕೆಮ್ಮಿ, ‘ನನ್ನ ಕೈಲಿ ಆಗೂದಿಲ್ಲವಾ’ ಎಂದ ಮುಖ ಕಣ್ಣ ಮುಂದೆ ಬಂತು. ಊದಲು ಬಾರದವಳಂತೆ ನಟಿಸಿ, ನನ್ನಿಂದ ಊದಿಸಿಕೊಂಡು, ಅದನ್ನೇ ಒಯ್ದು ತನ್ನದೆಂದು ಕೊಟ್ಟಿದ್ದಳು. ನಾನು ನಂಬಿ ಮಗಳನ್ನು ಅವಳ ಮಗ್ಗುಲಿಗೆ ಕಳಿಸಿದ್ದು ನನ್ನದೇ ಉಸಿರನ್ನು ನೋಡಿ.

"ನನಗ್ಯಾಕ ಹೇಳಲಿಲ್ಲ ನೀ?" ಎಂದು ಮಗಳ ತೋಳು ಹಿಡಿದು ಅಲುಗಿಸಿದೆ.

"ಆಣಿ ಹಾಕಿಸಿಕೊಂಡಿದ್ಲು. ಹೇಳಿದ್ರ ನಿಮ್ಮವ್ವ ನಿನ್ನ ನನ್ನ ಕಡೆ ಮಲಗಾಕ ಬಿಡೂದಿಲ್ಲ ಅಂದ್ಲು" ಎಂದು ಮಗಳು ಅಳತೊಡಗಿದಳು. ಮಷೀನಿನಲ್ಲಿ ಅಷ್ಟು ಹೊತ್ತಿಗೆ ಕೆಂಪು ದೀಪ ಹತ್ತಿತ್ತು.

ಫೋಟೋ ಆಯಿತು, ಉಳಿದ ಪರೀಕ್ಷೆಯೂ ಆಯಿತು. ಟಿ.ಬಿ. ಎಂದು ಪಕ್ಕಾ ಆಯಿತು. ಡಾಕ್ಟರು, ಔಷಧ ತಪ್ಪಿಸದಿದ್ದರೆ ಪೂರ್ತಿ ಗುಣವಾಗುತ್ತದೆ, ಅಂಜಬೇಡಿ, ಮನೆಯವರೆಲ್ಲ ಬಂದು ತೋರಿಸಿ ಎಂದರು. ಬಸ್ಸಿನಲ್ಲಿ ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು, ನಾನು ಕಿಟಕಿಯ ಕಬ್ಬಿಣ ಹಿಡಿದು ಕೂತಿದ್ದೆ. ಗಂಡ ಮೋಸ ಮಾಡಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ಗಂಡನ ಮೇಲೆ ನಾನು ಇಷ್ಟು ಭರವಸೆ ಇಟ್ಟವಳೇ ಅಲ್ಲ.

ಮನೆಗೆ ಬಂದಾಗ ಅವಳು ಶೆಡ್ಡಿನಲ್ಲಿದ್ದಳು. ತಲೆನೋವೂ ಇಲ್ಲ, ಗಿಲೆನೋವೂ ಇಲ್ಲ. ಲಾಳಿಗೆ ಬಾಯಿ ಹಚ್ಚಿ ನೂಲು ಎಳೆಯುತ್ತಿದ್ದಳು. ಬಾಳೆಹಣ್ಣು ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ಅಲ್ಲೇ ನೆಲಕ್ಕೆ ಸುರಿದು, ಖಾಲಿ ಚೀಲ ಅವಳ ಮುಖದ ಮುಂದೆ ಹಿಡಿದೆ.

"ಊದು."

ಅವಳು ಮಗ್ಗ ಬಂದ್ ಮಾಡಿದಳು. ನನ್ನ ಮುಖ ನೋಡಿದಳು, ನನ್ನ ಹಿಂದೆ ನಿಂತಿದ್ದ ಮಗಳನ್ನು ನೋಡಿದಳು. ಚೀಲ ತೆಗೆದುಕೊಂಡು, ಮೂಗು ಹಿಡಿದು, ತುಟಿ ಬಿಗಿ ಮಾಡಿ ಒಂದೇ ಉಸಿರಿಗೆ ಊದಿದಳು. ಚೀಲ ತುಂಬಿತು. ಆಮೇಲೆ ಗೋಡೆಯ ಕಡೆ ತಿರುಗಿ ಬಾಗಿ ಕೆಮ್ಮಿದಳು.

"ಯಾಕ ಅಕ್ಕಾ?" ಎಂದೆ.

"ಆಕೀನ ನನ್ನಿಂದ ತಪ್ಪಸ್ತಿದ್ದಿ. ಆಕಿ ಮಗ್ಗಲದಾಗ ಇಲ್ಲದ ನನಗ ನಿದ್ದಿ ಬರೂದಿಲ್ಲವಾ. ಧೂಳಿನ ಕೆಮ್ಮು ಇರಬೇಕು, ಆ ಮಷೀನ್ ಸುಳ್ಳ ಹೇಳಿರಬೇಕು, ಹೋಗತೈತಿ ಅಂದುಕೊಂಡೆ."

"ಸುಳ್ಳ ಹೇಳಿರಬೇಕು ಅಂದಿದ್ರ ನಿನ್ನ ಉಸಿರ ನೀ ಯಾಕ ಊದಲಿಲ್ಲ? ನಿನ್ನ ನಿದ್ದಿ ಸಲುವಾಗಿ ನನ್ನ ಕೂಸಿನ ಜೀವಕ್ಕ ಕುತ್ತು ತಂದೆಲ್ಲ! ನಿಮ್ಮ ತಮ್ಮನ್ನ ಕಟ್ಟಿ ಮ್ಯಾಲ ಕುಂದರಿಸಿದಾಕಿ, ನೀ ಎಲ್ಲಿ ಕುಂದರಬೇಕಿತ್ತ ಹೇಳು!" ಬಸ್ಸಿನುದ್ದಕ್ಕೂ ಕೂಡಿಟ್ಟ ದನಿ ಆಗ ಬಂತು. ಪಕ್ಕದ ಶೆಡ್ಡಿನವರು ಮಗ್ಗ ನಿಲ್ಲಿಸಿ ಕೇಳುವಷ್ಟು ಬಂತು.

ನನ್ನ ಗಂಡ ಓಡಿ ಬಂದು, "ಮೆಲ್ಲಕ ಮಾತಾಡು, ಓಣ್ಯಾಗ ಗೊತ್ತಾದ್ರ ಮಾನ ಹೋಗತೈತಿ" ಎಂದರು. "ಓಣ್ಯಾಗ ಗೊತ್ತಾಗಲಿ, ಅವರೂ ಲಾಳಿಗೆ ಬಾಯಿ ಹಚ್ಚೂದು ಬಿಡ್ತಾರ" ಎಂದೆ. ಅವತ್ತೇ ಶೆಡ್ಡಿನ ಪ್ರತಿ ಮಗ್ಗಕ್ಕೂ ಒಂದೊಂದು ಸಣ್ಣ ತಂತಿಯ ಕೊಕ್ಕೆ ಕಟ್ಟಿದೆ. ಈಗ ನಮ್ಮಲ್ಲಿ ನೂಲು ಎಳೆಯುವುದು ಅದರಿಂದಲೇ. ಕೆಲಸ ನಿಧಾನ ಎಂದು ಭಾವ ಗೊಣಗುತ್ತಾರೆ, ಗೊಣಗಲಿ.

ಮನೆಯವರೆಲ್ಲ ತೋರಿಸಿಕೊಂಡೆವು. ಅಕ್ಕನಿಗೂ ಅದೇ ರೋಗ, ಅದೇ ಔಷಧ, ಉಳಿದವರಿಗೆ ಏನೂ ಇರಲಿಲ್ಲ. ಮೊದಲ ಕೆಲವು ತಿಂಗಳು ಅವಳು ತವರಿನಲ್ಲಿದ್ದಳು. ತಿರುಗಿ ಬಂದ ಮೇಲೆ ಮುಂದಿನ ಕೋಣೆಯಲ್ಲಿ ಬೇರೆ ಮಲಗಿದಳು. ಮಾತ್ರೆ ನುಂಗುವಾಗ ನಾನು ಎದುರಿಗೆ ನಿಲ್ಲುತ್ತಿದ್ದೆ. ಅವಳು ನುಂಗಿ, ಹೇಳದೆಯೇ ಬಾಯಿ ತೆರೆದು ತೋರಿಸುತ್ತಿದ್ದಳು. ನಾನು ನೋಡುತ್ತಿದ್ದೆ. ಹಾಗೆ ತೋರಿಸುವಾಗ ಅವಳ ಕಣ್ಣು ನನ್ನ ಕಾಲ ಮೇಲೆ ಇರುತ್ತಿತ್ತು. ನನಗೆ ಕನಿಕರ ಬರಲಿಲ್ಲ ಎಂದರೆ ಸುಳ್ಳು. ಆದರೆ ಬಂದ ಕನಿಕರವನ್ನು ನಾನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಮಗಳು ಚೇತರಿಸಿಕೊಂಡಳು. ಲಂಗಕ್ಕೆ ಪಿನ್ನು ಬೇಡವಾಯಿತು. ಔಷಧ ಮುಗಿದ ಮೇಲೆ ಮೂವರೂ ಜಮಖಂಡಿಗೆ ಹೋದೆವು. ಡಾಕ್ಟರು ಫೋಟೋ, ಕಫ ಎಲ್ಲ ನೋಡಿ ಛಲೋ ಆಗಿದೆ ಎಂದರು. ಆ ಹುಡುಗಿ ತನ್ನ ಮಷೀನಿಗೂ ಒಮ್ಮೆ ಊದಿ ಹೋಗಿ ಎಂದಳು. ಮಗಳದು ಹಸಿರು ಬಂತು. ಅಕ್ಕ ಊದುವ ಹೊತ್ತಿಗೆ ಡಾಕ್ಟರು, ಮತ್ತೆ ಯಾವಾಗ ತೋರಿಸಲು ಬರಬೇಕೆಂದು ಹೇಳಲು ನನ್ನನ್ನು ಹೊರಗೆ ಕರೆದರು. ತಿರುಗಿ ಒಳಗೆ ಬಂದರೆ ಅವಳ ಹೆಸರಿನ ಮುಂದೆಯೂ ಹಸಿರು ದೀಪ ಉರಿಯುತ್ತಿತ್ತು.

"ಅವ್ವಾ, ಇವತ್ತಿಂದ ದೊಡ್ಡವ್ವನ ಕಡೆ ಮಲಗಲಿ?" ಎಂದು ಮಗಳು ಕುಣಿದಳು. ಅಕ್ಕ ಅವಳನ್ನು ಮುಟ್ಟದೆ ಕೈ ಮಡಚಿಕೊಂಡು ನನ್ನ ಮುಖ ನೋಡುತ್ತಿದ್ದಳು.

"ಇನ್ನೊಮ್ಮೆ ಊದು. ನನ್ನ ಮುಂದ ಊದು" ಎಂದೆ.

"ಆಕೀನ ಊದ್ಯಾಳವ್ವಾ, ಖರೇನ. ನಾ ಇಲ್ಲೇ ನಿಂತು ನೋಡೀನಿ" ಎಂದಳು ಮಗಳು.

ನಾನು ಮಗಳ ಕಣ್ಣನ್ನೇ ನೋಡಿದೆ. ಅವಳು ಖರೆ ಹೇಳುತ್ತಿದ್ದಾಳೋ, ಮತ್ತೆ ಯಾವುದಾದರೂ ಆಣೆ ಇದೆಯೋ ತಿಳಿಯಲಿಲ್ಲ. ಹೆತ್ತ ಮಗಳ ಮುಖ ನೋಡಿ ನನಗೆ ತಿಳಿಯಲಿಲ್ಲ. ಆ ಹುಡುಗಿಯಿಂದ ಇನ್ನೊಂದು ಚೀಲ ಕೇಳಿ ತೆಗೆದುಕೊಂಡು, ಅಕ್ಕನ ಕೈಗೆ ಕೊಟ್ಟು, ಅವಳ ಬಾಯಿಯನ್ನೇ ನೋಡುತ್ತ ನಿಂತೆ.